ಅಂತರ ಇಂಜೆಕ್ಷನ್, ಏಳೂವರೆ ಕೆಜಿ ಮತ್ತು ನನ್ನ ಲೆಕ್ಕದ ಪುಸ್ತಕ

ಮೊದಲು ಗೊತ್ತಾಗಿದ್ದು ನನಗಲ್ಲ, ನಮ್ಮ ಬೀದಿಯ ಟೈಲರ್ ಅಕ್ಕನಿಗೆ. 2023ರ ದೀಪಾವಳಿಗೆ ಮುಂಚೆ ಒಂದು ರೇಷ್ಮೆ ಬ್ಲೌಸಿನ ಪಕ್ಕದ ಹೊಲಿಗೆ ಬಿಚ್ಚಿಸಿಕೊಂಡು ಬಂದಿದ್ದೆ. ಮುಂದಿನ ಯುಗಾದಿಗೆ ಅದೇ ಬ್ಲೌಸ್ ಹಿಡಿದುಕೊಂಡು ಮತ್ತೆ ಹೋದೆ. ಅಕ್ಕ ಒಳಗೆ ಬೆರಳಾಡಿಸಿ ನೋಡಿ, "ಇದೇ ಕಡೇ ಹೊಲಿಗೆ ಕಣಮ್ಮ. ಇದು ಬಿಚ್ಚಿದ್ರೆ ಆಮೇಲೆ ಬಟ್ಟೆನೇ ಇಲ್ಲ" ಅಂದರು. ಆಮೇಲೆ ದನಿ ತಗ್ಗಿಸಿ, "ಏನಾದ್ರೂ ವಿಶೇಷನಾ?" ಅಂತ ಕೇಳಿದರು. ವಿಶೇಷ ಆಗಬಾರದು ಅಂತ ತಗೊಂಡ ಔಷಧಿಯಿಂದಲೇ ಈ ಪ್ರಶ್ನೆ ಕೇಳಿಸಿಕೊಳ್ಳುವಂತಾಯಿತಲ್ಲ ಅಂತ ನಗು ಬಂತು, ಮನೆಗೆ ಬಂದು ಅಳುವೂ ಬಂತು.

ನಾನು ದಾವಣಗೆರೆಯವಳು. ಬಟ್ಟೆಯ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಕುರ್ಚಿ ಮೇಲೆ ಕೂತರೆ ಏಳುವುದು ಸಂಜೆ ಏಳಕ್ಕೆ. ವಯಸ್ಸು 33, ಎತ್ತರ 154 ಸೆಂಟಿಮೀಟರ್, ಇಬ್ಬರು ಹೆಣ್ಣುಮಕ್ಕಳು. ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಅಂತರ ಅನ್ನುವ ಗರ್ಭ ತಡೆಯುವ ಇಂಜೆಕ್ಷನ್ ತಗೊಂಡು ದಪ್ಪ ಆಗಿ, ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲದೆ ಒಂದು ವರ್ಷ ಒದ್ದಾಡಿ, ಇನ್ನೊಂದು ವರ್ಷ ಅದನ್ನು ಇಳಿಸುವುದರಲ್ಲಿ ಕಳೆದವಳು. ನನ್ನ ಹಾಗೆ ತಿರುಗುವವರು ಇನ್ನೂ ಇರಬಹುದು ಅಂತ ತಾರೀಖು ಸಮೇತ ಬರೆಯುತ್ತಿದ್ದೇನೆ.

ಎರಡನೇ ಮಗಳು ಹುಟ್ಟಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಎದೆಹಾಲು ಕುಡಿಸುವಾಗ ಮೊದಲ ಆರು ತಿಂಗಳು ಮಾಲಾ-ಎನ್ ಥರದ ಗರ್ಭ ತಡೆಯುವ ಮಾತ್ರೆ ಕೊಡುವುದಿಲ್ಲ ಅಂತ ಆಶಾ ಅಕ್ಕ, ಅಂದರೆ ನಮ್ಮ ಆಶಾ ಕಾರ್ಯಕರ್ತೆ, ಹೇಳಿದ್ದರು. ಹಾಗಾಗಿ ಮಗುವಿಗೆ ಏಳು ತಿಂಗಳು ತುಂಬಿದ ಮೇಲೆ ಶುರು ಮಾಡಿದೆ. ಒಂದು ಚೀಟಿಯಲ್ಲಿ 28 ಮಾತ್ರೆ. ಅದರಲ್ಲಿ 21 ಹಾರ್ಮೋನಿನದು, ಉಳಿದ 7 ಬರೀ ಕಬ್ಬಿಣಾಂಶದ್ದು. ಮೊದಲ ತಿಂಗಳು ಬೆಳಿಗ್ಗೆ ವಾಕರಿಕೆ, ಎದೆ ಭಾರ, ಉಂಗುರ ಬಿಗಿ. ತೂಕ ಒಂದು ಕೆಜಿ ಏರಿತು, ಎರಡನೇ ಚೀಟಿ ಮುಗಿಯುವ ಹೊತ್ತಿಗೆ ತಾನಾಗೇ ಇಳಿಯಿತು. ಅದು ಮೈಯಲ್ಲಿ ನಿಂತ ನೀರು ಅಂತ ಆಮೇಲೆ ತಿಳಿಯಿತು. ಗುಳಿಗೆ ತಿಂದರೆ ಆನೆ ಆಗ್ತಾರೆ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆಯಲ್ಲ, ಎಸ್ಟ್ರೋಜನ್ ಇರುವ ಈ ಮಾತ್ರೆಗಳಿಂದ ಅಷ್ಟೊಂದು ತೂಕ ಏರುತ್ತದೆ ಅನ್ನುವುದಕ್ಕೆ ಸಂಶೋಧನೆಗಳಲ್ಲಿ ಪುರಾವೆ ಸಿಕ್ಕಿಲ್ಲ. ನಾನು ಮಾತ್ರೆ ಬಿಟ್ಟಿದ್ದು ತೂಕಕ್ಕಲ್ಲ, ಮರೆವಿಗೆ. ಜೂನ್ ತಿಂಗಳ ಚೀಟಿಯಲ್ಲಿ ಐದು ಮಾತ್ರೆ ಹಾಗೇ ಉಳಿದಿದ್ದವು. ಇಬ್ಬರು ಮಕ್ಕಳನ್ನು ಮಲಗಿಸುವ ಹೊತ್ತಿಗೆ ನಾನೇ ಎಲ್ಲೋ ಮಲಗಿರುತ್ತಿದ್ದೆ.

ಆಪರೇಷನ್ ಮಾತು ಬಂದಾಗ ಅತ್ತೆ, "ಎರಡೂ ಹೆಣ್ಣು ಐದಾವೆ, ಈಗ್ಲೇ ಯಾಕವ ಅವಸರ" ಅಂದರು. ಅವರ ಲೆಕ್ಕ ಬೇರೆ, ನನ್ನ ಲೆಕ್ಕ ಬೇರೆ. ಆದರೆ ಮತ್ತೆ ಹೊಟ್ಟೆ ಕೊಯ್ಯಿಸಿಕೊಳ್ಳಲು ನನಗೂ ಮನಸ್ಸಿರಲಿಲ್ಲ. ಮೊದಲನೆಯದು ಸಿಸೇರಿಯನ್, ಎರಡನೆಯದೂ ಸಿಸೇರಿಯನ್. ಆಗ ಆಶಾ ಅಕ್ಕ ಹೇಳಿದ್ದು ಅಂತರ ಇಂಜೆಕ್ಷನ್ ವಿಷಯ. ಮೂರು ತಿಂಗಳಿಗೆ ಒಂದು ಸೂಜಿ, ಪುಕ್ಕಟೆ, ಮರೆಯುವ ಮಾತೇ ಇಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ಯೋಜನೆ. ಔಷಧಿಯ ಹೆಸರು ಮೆಡ್ರಾಕ್ಸಿಪ್ರೊಜೆಸ್ಟರಾನ್, 150 ಮಿಲಿಗ್ರಾಂ.

2023ರ ಆಗಸ್ಟ್ 14, ಸೋಮವಾರ. ಮೊದಲ ಡೋಸಿಗೆ ಡಾಕ್ಟರ್ ನೋಡಲೇಬೇಕು ಅಂತ ಎರಡು ಗಂಟೆ ಕಾದೆ. ಬಿ.ಪಿ. ನೋಡಿದರು, ಎದೆಯಲ್ಲಿ ಗಂಟು ಇದೆಯಾ, ಕಾರಣವಿಲ್ಲದೆ ರಕ್ತಸ್ರಾವ ಆಗ್ತಿದೆಯಾ, ಕಾಮಾಲೆ ಬಂದಿತ್ತಾ ಅಂತ ಕೇಳಿದರು. ಮುಟ್ಟಿನಲ್ಲಿ ಏರುಪೇರಾಗುತ್ತೆ, ನಿಂತೇ ಹೋಗಬಹುದು, ಹೆದರಬೇಡಿ ಅಂತ ಸಿಸ್ಟರ್ ಹೇಳಿದರು. ತೂಕದ ಬಗ್ಗೆ "ಸ್ವಲ್ಪ ಜಾಸ್ತಿ ಆಗ್ಬಹುದು" ಅನ್ನುವ ಮೂರು ಪದ ಬಿಟ್ಟರೆ ಇನ್ನೇನೂ ಇಲ್ಲ. ಆದರೆ ಆ ಸಿಸ್ಟರ್ ಪುಣ್ಯಾತ್ಗಿತ್ತಿ ಒಂದು ಕೆಲಸ ಮಾಡಿದರು. ಮಷಿನ್ ಮೇಲೆ ನಿಲ್ಲಿಸಿ, ಕಾರ್ಡಿನ ಮೂಲೆಯಲ್ಲಿ ಪೆನ್ನಿಂದ 56.2 ಅಂತ ಗೀಚಿದರು. ಆ ಗೀಚು ಇಲ್ಲದಿದ್ದರೆ ಮುಂದಿನ ಕಥೆಯೇ ಬೇರೆ ಇರುತ್ತಿತ್ತು.

ಸೂಜಿ ಹಾಕಿದ ಜಾಗ ಉಜ್ಜಬಾರದು, ಬಿಸಿ ಶಾಖ ಕೊಡಬಾರದು. ಔಷಧಿ ನಿಧಾನಕ್ಕೆ ಕರಗಬೇಕು, ಉಜ್ಜಿದರೆ ಬೇಗ ಹರಡಿಬಿಡುತ್ತದಂತೆ. ನಾನು ಅಭ್ಯಾಸ ಬಲದಿಂದ ಉಜ್ಜಲು ಹೋಗಿ ಬೈಸಿಕೊಂಡೆ. ಕೈಗೆ ಒಂದು ಕಾರ್ಡ್ ಕೊಡುತ್ತಾರೆ, ಮುಂದಿನ ತಾರೀಖು ಅದರಲ್ಲೇ ಇರುತ್ತದೆ. ಅದನ್ನು ತಾಯಿ ಕಾರ್ಡ್ ಜೊತೆಗೆ, ಆಧಾರ್ ಇಡುವ ಕವರಿನಲ್ಲೇ ಇಟ್ಟುಬಿಡಿ. ನಾನು ಫ್ರಿಜ್ ಮೇಲಿಟ್ಟು ಒಂದು ಸಲ ಮಗಳು ಅದರ ಮೇಲೆ ನವಿಲು ಬರೆದಿದ್ದಳು.

ಮೊದಲ ಮೂರು ತಿಂಗಳು ತೂಕದ ಯೋಚನೆಯೇ ಬರಲಿಲ್ಲ. ತಲೆ ತಿಂದಿದ್ದು ರಕ್ತದ ಕಲೆ. ಸುಮ್ಮನೆ ಒಂದೊಂದು ಹನಿ, ಒಟ್ಟು 22 ದಿನ. ದೇವರ ಮನೆಗೆ ಹೋಗಲಾ ಬೇಡವಾ ಅಂತ ದಿನಾ ಗೊಂದಲ. ಕೊನೆಗೆ ಅತ್ತೆಯೇ "ಇದೆಲ್ಲ ಮುಟ್ಟು ಅಲ್ಲ ಬಿಡು" ಅಂತ ತೀರ್ಪು ಕೊಟ್ಟರು. ಎರಡನೇ ಡೋಸ್ ಬೀಳಬೇಕಿದ್ದು ನವೆಂಬರ್ 14. ಆ ದಿನ ಬಲಿಪಾಡ್ಯಮಿ, ರಜೆ. ಎರಡು ದಿನ ಬಿಟ್ಟು 16ಕ್ಕೆ ಹೋದೆ. ಹೇಳಿದ ದಿನಕ್ಕಿಂತ ಎರಡು ವಾರ ಮುಂಚೆ ತಗೊಂಡರೂ ನಡೆಯುತ್ತದೆ, ನಾಲ್ಕು ವಾರ ತಡವಾದರೂ ನಡೆಯುತ್ತದೆ. ಇದು ನನಗೆ ಆಗ ಗೊತ್ತಿದ್ದಿದ್ದರೆ ಹಬ್ಬದ ಎಣ್ಣೆಸ್ನಾನದ ದಿನವೂ ಕ್ಯಾಲೆಂಡರ್ ನೋಡುತ್ತಾ ಕೂರುತ್ತಿರಲಿಲ್ಲ. ಆ ದಿನ ತೂಕ 57.9. ಹಬ್ಬದ ಹೋಳಿಗೆ ಅಂದುಕೊಂಡೆ.

ಎರಡನೇ ಸೂಜಿ ಆದಮೇಲೆ ಮುಟ್ಟು ಪೂರ್ತಿ ನಿಂತಿತು. ಹೇಳಿದ್ದರು, ಗೊತ್ತಿತ್ತು, ಆದರೂ ರಾತ್ರಿ ಎರಡು ಗಂಟೆಗೆ ಎಚ್ಚರ ಆದರೆ ಭಯ. ಮೆಡಿಕಲ್ ಶಾಪಿನಿಂದ ಗರ್ಭ ಪರೀಕ್ಷೆಯ ಅರವತ್ತು ರೂಪಾಯಿ ಕಿಟ್ ಮೂರು ಸಲ ತಂದೆ, ಮೂರು ಸಲವೂ ಒಂದೇ ಗೆರೆ. ಆಶಾ ಅಕ್ಕನ ಹತ್ತಿರ ನಿಶ್ಚಯ್ ಕಿಟ್ ಪುಕ್ಕಟೆ ಸಿಗುತ್ತದೆ ಅಂತ 180 ರೂಪಾಯಿ ಕಳೆದ ಮೇಲೆ ಗೊತ್ತಾಯಿತು.

ಈಗ ಹಸಿವಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಯಾರೂ ಇದನ್ನು ಕೇಳಲೇ ಇಲ್ಲ. ಮುಂಚೆ ನನಗೆ ಸಂಜೆ ಐದೂವರೆಗೆ ಒಂದು ಕಪ್ ಚಹಾ ಸಾಕಾಗುತ್ತಿತ್ತು. ಡಿಸೆಂಬರ್‌ನಿಂದ ನಾಲ್ಕೂವರೆಗೇ ಹೊಟ್ಟೆಯಲ್ಲಿ ಯಾರೋ ತಟ್ಟೆ ಬಡಿದ ಹಾಗೆ. ನಮ್ಮ ಅಂಗಡಿ ಎದುರಿಗೇ ಮಿರ್ಚಿ ಬಂಡಿ. ದಾವಣಗೆರೆಯಲ್ಲಿ ಸಂಜೆ ಮಂಡಕ್ಕಿ ಮಿರ್ಚಿ ತಿನ್ನದವರನ್ನು ಪರವೂರಿನವರು ಅಂತಲೇ ತಿಳಿಯುತ್ತಾರೆ. ಮೊದಲು ವಾರಕ್ಕೊಮ್ಮೆ ಎಲ್ಲರ ಜೊತೆ ಹಂಚಿ ತಿನ್ನುತ್ತಿದ್ದವಳು ದಿನಾ ಒಂದು ಪೊಟ್ಟಣ, ಎರಡು ಮಿರ್ಚಿ ಒಬ್ಬಳೇ ಮುಗಿಸುತ್ತಿದ್ದೆ. ಮನೆಗೆ ಬಂದು ಮಕ್ಕಳು ತಟ್ಟೆಯಲ್ಲಿ ಬಿಟ್ಟ ಅನ್ನ ಸಾರು ಬಳಿದು ತಿನ್ನುತ್ತಿದ್ದೆ. ಅನ್ನ ಚೆಲ್ಲಬಾರದು ಅನ್ನುವ ನೆಪ ಇತ್ತಲ್ಲ. ಆಮೇಲೆ ನನ್ನ ಊಟ ಬೇರೆ. ಇದನ್ನೆಲ್ಲ ಆಗ ನಾನು ಗಮನಿಸಿರಲಿಲ್ಲ. ತಿನ್ನುವುದು ಕಾಣುತ್ತಿತ್ತು, ತಿನ್ನಿಸುತ್ತಿರುವುದು ಯಾವುದು ಅಂತ ಕಾಣುತ್ತಿರಲಿಲ್ಲ. ಇಂಜೆಕ್ಷನ್ ಹಸಿವೆ ಹೆಚ್ಚಿಸಿತೋ, ನನ್ನ ಬಾಯಿ ಚಪಲಕ್ಕೆ ಇಂಜೆಕ್ಷನ್ ನೆಪ ಸಿಕ್ಕಿತೋ ಅಂತ ಇವತ್ತಿಗೂ ಗೆರೆ ಎಳೆದು ಹೇಳಲಾರೆ. ಡೋಸ್ ಬಿಟ್ಟು ಆರು ತಿಂಗಳಾದ ಮೇಲೆ ನಾಲ್ಕೂವರೆಯ ಹಸಿವೆ ಹೋಯಿತು ಅನ್ನುವುದು ಮಾತ್ರ ನಿಜ.

2024ರ ಫೆಬ್ರವರಿ 16ಕ್ಕೆ ಮೂರನೇ ಡೋಸ್. ಅರ್ಧ ದಿನ ರಜೆ ಹಾಕಿ ಹೋದೆ. ಸ್ಟಾಕ್ ಇಲ್ಲ, ಸೋಮವಾರ ಬನ್ನಿ. ಸೋಮವಾರ ಹೋದರೆ ಇಂಡೆಂಟ್ ಹಾಕಿದ್ದೇವೆ, ಬಂದಿಲ್ಲ. ಮೂರನೇ ಸಲ ಹೋದಾಗ ಸಿಸ್ಟರ್ ರಜೆ. ಅಷ್ಟು ದಿನ ಮನೆಯವರ ಪಕ್ಕದಲ್ಲಿ ಮಲಗಲೂ ಹೆದರಿಕೆ. "ನಾನೇನು ಹುಲಿನಾ?" ಅಂತ ಅವರು ತಮಾಷೆ ಮಾಡಿದರೆ ನನಗೆ ಸಿಟ್ಟು. ಕೊನೆಗೆ ಮಾರ್ಚ್ 4ಕ್ಕೆ ಸಿಕ್ಕಿತು. 17 ದಿನ ತಡ, ಆದರೆ ನಾಲ್ಕು ವಾರದ ಒಳಗೆ ಇದ್ದುದರಿಂದ ಕೊಟ್ಟರು. ಹೋಗುವ ಮುಂಚೆ ಆಶಾ ಅಕ್ಕನಿಗೆ ಫೋನ್ ಮಾಡಿ ಸ್ಟಾಕ್ ಇದೆಯಾ ಕೇಳಿಕೊಂಡು ಹೋಗಿ, ನಿಮ್ಮ ರಜೆ ಉಳಿಯುತ್ತದೆ.

ಇಷ್ಟರಲ್ಲಿ ಆ ಫೆಬ್ರವರಿ 16ರಂದು ಒಂದು ಉಪಯೋಗ ಆಗಿತ್ತು. ಸೂಜಿ ಸಿಗದಿದ್ದರೂ ಖಾಲಿ ಇದ್ದ ಮಷಿನ್ ಹತ್ತಿ ನೋಡಿದ್ದೆ. 60.1. ಕಾರ್ಡ್ ತಿರುಗಿಸಿ ಮೂಲೆಯ ಗೀಚು ನೋಡಿದೆ. ಆರು ತಿಂಗಳಿಗೆ 3.9 ಕೆಜಿ. ಲೆಕ್ಕ ಬರೆಯುವವಳಿಗೆ ಅಂಕಿ ಕಂಡ ಮೇಲೆ ಸುಮ್ಮನಿರಲು ಆಗುವುದಿಲ್ಲ. ಅದೇ ದಿನ ಹಳೆಯ ಖಾತೆ ಪುಸ್ತಕವೊಂದರಲ್ಲಿ ಪುಟ ತೆರೆದೆ. 749 ರೂಪಾಯಿಗೆ ಮನೆಗೊಂದು ತೂಕದ ಮಷಿನ್ ತಂದೆ. ಒಂದು ಮಷಿನ್ನಿಗೂ ಇನ್ನೊಂದಕ್ಕೂ ತಾಳೆ ಆಗುವುದಿಲ್ಲ ನೋಡಿ. ಆಸ್ಪತ್ರೆಯಲ್ಲಿ ತೂಗಿ, ಅದೇ ಬಟ್ಟೆಯಲ್ಲಿ ಮನೆಗೆ ಬಂದು ತೂಗಿದಾಗ ನಮ್ಮದು 400 ಗ್ರಾಂ ಜಾಸ್ತಿ ತೋರಿಸಿತು. ಅವತ್ತಿಂದ 400 ಕಳೆದೇ ಬರೆಯುತ್ತಿದ್ದೇನೆ. ವಾರಕ್ಕೆ ಒಂದೇ ಸಲ, ಭಾನುವಾರ ಬೆಳಿಗ್ಗೆ, ಪಾಯಿಖಾನೆಗೆ ಹೋಗಿ ಬಂದು, ಏನೂ ಕುಡಿಯುವ ಮುಂಚೆ. ದಿನಾ ಹತ್ತಿ ನೋಡಿದರೆ ಹುಚ್ಚು ಹಿಡಿಯುತ್ತದೆ, ಉಪ್ಪು ಜಾಸ್ತಿ ಆದ ಒಂದು ಊಟಕ್ಕೇ ಮುಳ್ಳು ಕುಣಿಯುತ್ತದೆ.

ಪುಸ್ತಕ ಹಿಡಿದು ಡಾಕ್ಟರರ ಹತ್ತಿರ ಹೋಗುವ ಬುದ್ಧಿ ಆಗ ಬರಲಿಲ್ಲ. ಬರೀ ಕೈಯಲ್ಲಿ ಹೋದೆ. ಮೊದಲನೆಯ ಪ್ರೈವೇಟ್ ಡಾಕ್ಟರ್ ಮುಖ ಎತ್ತಿ ನೋಡದೆ, "ಇಂಜೆಕ್ಷನ್ನಿಗೂ ತೂಕಕ್ಕೂ ಏನೂ ಸಂಬಂಧ ಇಲ್ಲ, ಬಾಯಿ ಕಟ್ಟಿ" ಅಂದರು. ನಾಲ್ಕು ನಿಮಿಷ, ನಾನೂರು ರೂಪಾಯಿ. ಎರಡನೆಯವರು ಥೈರಾಯ್ಡ್ ಇರಬಹುದು ಅಂದರು. ಅದು ಸರಿಯಾದ ಅನುಮಾನವೇ, ಮಾಡಿಸಲೇಬೇಕಾದ ಪರೀಕ್ಷೆ. ಥೈರಾಯ್ಡ್, ಸಕ್ಕರೆ, ರಕ್ತ ಎಲ್ಲ ಸೇರಿ ಲ್ಯಾಬಿಗೆ 650. ಎಲ್ಲ ನಾರ್ಮಲ್. ರಿಪೋರ್ಟ್ ತೋರಿಸಲು ಹೋದಾಗ "ಎಲ್ಲ ಸರಿ ಇದೆಯಲ್ಲ, ಮತ್ತೇನು?" ಅಂದರು. ಎಲ್ಲ ಸರಿ ಇದ್ದರೆ ಬ್ಲೌಸ್ ಯಾಕೆ ಹಿಡಿಸುತ್ತಿಲ್ಲ ಅಂತ ಕೇಳಲು ಬಾಯಿ ಬರಲಿಲ್ಲ.

ಇತ್ತ ಓಣಿಯಲ್ಲಿ ಬೇರೆಯದೇ ವೈದ್ಯ. "ಆ ಸೂಜಿ ಮೈಯೊಳಗೆ ಕೆಟ್ಟ ರಕ್ತ ಕೂಡಿಸುತ್ತೆ, ಮುಟ್ಟು ಹೊರಗೆ ಹೋಗದೆ ಬೊಜ್ಜಾಗುತ್ತೆ" ಅಂತ ಒಬ್ಬರು. ಹಾಗೆ ಏನೂ ಕೂಡುವುದಿಲ್ಲ. ಗರ್ಭಕೋಶದ ಒಳಪದರ ಬೆಳೆಯುವುದೇ ಇಲ್ಲ, ಹೋಗುವುದಕ್ಕೆ ಏನಿರುತ್ತದೆ? ಇನ್ನೊಬ್ಬರು, ಪರಿಚಯದವರೇ, ಊಟದ ಬದಲು ಕುಡಿಯುವ ಪೌಡರ್ ಡಬ್ಬಿ ಮಾರಿದರು. 2,600 ರೂಪಾಯಿ. ಎರಡು ವಾರ ರಾತ್ರಿ ಊಟ ಬಿಟ್ಟು ಅದನ್ನೇ ಕುಡಿದೆ. ಒಂದೂವರೆ ಕೆಜಿ ಇಳಿದು, ಮೂರನೇ ವಾರಕ್ಕೆ ಎರಡು ಕೆಜಿ ಏರಿತು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಆ ಡಬ್ಬಿಯಲ್ಲಿ ಈಗ ಉದ್ದಿನಬೇಳೆ ಇದೆ. ಮನೆಯವರು ಆ ದಿನಗಳಲ್ಲಿ ಒಂದು ಮಾತೂ ಆಡಲಿಲ್ಲ. ಆಡಲಿಲ್ಲ ಅನ್ನುವುದೇ ನನಗೆ ಚುಚ್ಚುತ್ತಿತ್ತು. ಅತ್ತೆ ಮಾತ್ರ, "ದಪ್ಪ ಆದ್ರೆ ಏನಾತು, ಮುಖದಾಗ ಕಳೆ ಬಂದೈತಿ" ಅಂತ ತಲೆ ಸವರಿದರು.

ನಾಲ್ಕನೇ ಡೋಸ್ ಯಾಕೆ ತಗೊಂಡೆ ಅಂತ ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಅಪ್ಪನಿಗೆ ಹರ್ನಿಯಾ ಆಪರೇಷನ್ ಆಗಿತ್ತು, ನಾನು ಹರಿಹರದಲ್ಲಿ ತವರಿನಲ್ಲಿದ್ದೆ. ಬೇರೆ ದಾರಿ ಹುಡುಕುವಷ್ಟು ತ್ರಾಣ ಇರಲಿಲ್ಲ, ಮತ್ತೆ ಬಸಿರಾಗುವ ಭಯ ಮಾತ್ರ ಇತ್ತು. ಜೂನ್ 4 ಲೋಕಸಭೆ ಚುನಾವಣೆಯ ಎಣಿಕೆ ದಿನ, ಸಿಬ್ಬಂದಿ ಇರುತ್ತಾರೋ ಇಲ್ಲವೋ ಅಂತ 3ನೇ ತಾರೀಖಿಗೇ ಅಲ್ಲಿನ ಕೇಂದ್ರಕ್ಕೆ ಹೋದೆ. ಕಾರ್ಡ್ ತೋರಿಸಿದ್ದಕ್ಕೆ ಬೇರೆ ಊರಿನವಳು ಅಂತ ತಕರಾರು ಮಾಡದೆ ಹಾಕಿದರು. ಅಂದು 62.3. ಒಂದು ಮಾತು ನೆನಪಿಡಿ: ಮಾತ್ರೆ ಸರಿಹೋಗದಿದ್ದರೆ ನಾಳೆಯೇ ಬಿಡಬಹುದು, ಇದನ್ನು ಹಾಗೆ ಬಿಡಲು ಬರುವುದಿಲ್ಲ. ಒಳಗೆ ಹೋದ ಔಷಧಿ ತನ್ನ ಮೂರು ತಿಂಗಳು ಮುಗಿಸಿಯೇ ಹೋಗುತ್ತದೆ.

ಜುಲೈನಲ್ಲಿ ಚಿಕ್ಕಮ್ಮನ ಮಗಳ ಬಾಣಂತನಕ್ಕೆ ಅಂತ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಹೋಗಿದ್ದಾಗ ಅಲ್ಲಿನ ಹಿರಿಯ ಡಾಕ್ಟ್ರಮ್ಮ ಒಬ್ಬರ ಓಪಿಡಿ ಚೀಟಿ ಮಾಡಿಸಿದೆ. ಚೀಲದಲ್ಲಿ ಲೆಕ್ಕದ ಪುಸ್ತಕ ಇತ್ತು. ನನ್ನ ಮುಂದೆ ಅರವತ್ತು ಜನ. ಮಧ್ಯಾಹ್ನ ಒಂದೂವರೆಗೆ ಸರದಿ ಬಂತು. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದ್ದು ಒಂದೇ ಪ್ರಶ್ನೆ, "ಮೊದಲ್ನೇ ಇಂಜೆಕ್ಷನ್ ದಿನ ಎಷ್ಟಿತ್ತಮ್ಮ ತೂಕ?" ಕಾರ್ಡು, ಪುಸ್ತಕ ಎರಡೂ ಮುಂದಿಟ್ಟೆ. ಅವರು ಕನ್ನಡಕ ಸರಿ ಮಾಡಿಕೊಂಡು ಕಾಲಂ ಮೇಲೆ ಪೆನ್ನಾಡಿಸಿದರು. "ಯಾರಮ್ಮ ಇದನ್ನ ಬರೆದಿದ್ದು? ನೀನೇನಾ?" ಅಂದರು. ಒಂದು ವರ್ಷದಲ್ಲಿ ಮೊದಲ ಸಲ ಯಾರೋ ನನ್ನನ್ನು ನಂಬಿದರು ಅನ್ನಿಸಿ ಗಂಟಲು ಕಟ್ಟಿತು.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಈ ಇಂಜೆಕ್ಷನ್ ತಗೊಂಡವರಿಗೆ ವರ್ಷಕ್ಕೆ ಸರಾಸರಿ ಒಂದೆರಡು ಕೆಜಿ ಏರುತ್ತದೆ. ಸರಾಸರಿ ಅಂದರೆ ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರು ಇಳಿಯುವುದೂ ಉಂಟು, ಕೆಲವರಿಗೆ ಬಹಳ. ಯಾರಿಗೆ ಬಹಳ ಅನ್ನುವುದಕ್ಕೆ ಒಂದು ಸುಳಿವಿದೆ. ಮೊದಲ ಆರು ತಿಂಗಳಲ್ಲಿ ಇದ್ದ ತೂಕದ ಶೇಕಡಾ 5ಕ್ಕಿಂತ ಹೆಚ್ಚು ಏರಿದರೆ ಮುಂದೆಯೂ ಏರುತ್ತಾ ಹೋಗುವ ಸಾಧ್ಯತೆ ಜಾಸ್ತಿ. ನನ್ನ 56.2ಕ್ಕೆ ಶೇಕಡಾ 5 ಅಂದರೆ 2.8 ಕೆಜಿ. ನಾನು ಏರಿದ್ದು 3.9, ಹತ್ತಿರ ಹತ್ತಿರ ಶೇಕಡಾ 7. ಅಂದರೆ ಆ ಫೆಬ್ರವರಿಯಲ್ಲೇ, ಸ್ಟಾಕ್ ಇಲ್ಲ ಅಂತ ಮೂರು ಸಲ ತಿರುಗಿದಾಗಲೇ, ಬೇರೆ ದಾರಿ ನೋಡಬಹುದಿತ್ತು. ಇದು ಮಾತ್ರೆಯ ಹಾಗೆ ನೀರಿನ ತೂಕ ಅಲ್ಲ, ಹೆಚ್ಚಿನ ಪಾಲು ಕೊಬ್ಬು. ಹಾಗಾಗಿ ಇಂಜೆಕ್ಷನ್ ಬಿಟ್ಟ ಮಾತ್ರಕ್ಕೆ ಸುರ್ರನೆ ಇಳಿಯುವುದೂ ಇಲ್ಲ.

ಆಮೇಲೆ ಟೇಪ್ ತೆಗೆದು ಹೊಟ್ಟೆ ಸುತ್ತಳತೆ ನೋಡಿದರು. 91 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರಿಗೆ 80ರ ಒಳಗಿದ್ದರೆ ಒಳ್ಳೆಯದು. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 27ರ ಹತ್ತಿರ ಬಂದಿತ್ತು, ನಮಗೆ 23 ದಾಟಿದರೇ ಜಾಸ್ತಿ ಅಂತ ಲೆಕ್ಕ. ಅಮ್ಮನಿಗೆ ಸಕ್ಕರೆ ಕಾಯಿಲೆ ಇರುವುದನ್ನೂ ಕೇಳಿ ಬರೆದುಕೊಂಡರು. "ಸೀರೆಗೆ ಚಂದ ಕಾಣ್ಲಿ ಅಂತ ಹೇಳ್ತಿಲ್ಲಮ್ಮ" ಅಂದರು.

ಮುಂದೇನು? ಛಾಯಾ ಮಾತ್ರೆ ಇದೆ, ಲಖನೌದ ಸಿಡಿಆರ್‌ಐ ಅನ್ನುವ ಸರ್ಕಾರಿ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದದ್ದು, ಹಾರ್ಮೋನಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ವಾರಕ್ಕೊಂದು ಅಂದರೆ ನಾನು ಮರೆಯುವುದು ಗ್ಯಾರಂಟಿ. ಮಾಲಾ-ಎನ್‌ಗೆ ವಾಪಸ್ ಹೋಗಬಹುದು, ಬಿ.ಪಿ. ಸರಿ ಇದೆ, ಅರೆತಲೆನೋವು ಇಲ್ಲ. ಅದಕ್ಕೂ ಅದೇ ಮರೆವಿನ ಕಾಟ. ಉಳಿದಿದ್ದು ಕಾಪರ್-ಟಿ. ಹಳೆಯ ಗೋಡೆ ಬರಹಗಳಲ್ಲಿ ವಂಕಿ ಅಂತ ಇರುತ್ತಿತ್ತಲ್ಲ, ಅದೇ. ಅದರಲ್ಲಿ ಹಾರ್ಮೋನ್ ಇಲ್ಲ, ತಾಮ್ರ ಅಷ್ಟೇ. 380ಎ ಅನ್ನುವುದು ಹತ್ತು ವರ್ಷ ಬರುತ್ತದೆ. ನಮ್ಮ ಕಡೆ ಅದು ಮೇಲಕ್ಕೆ ಹತ್ತಿ ಎದೆಗೆ ಹೋಗುತ್ತೆ ಅನ್ನುವ ಕಥೆ ಇದೆ. ಡಾಕ್ಟ್ರಮ್ಮ ನಕ್ಕು, "ಗರ್ಭಕೋಶದಿಂದ ಎದೆಗೆ ದಾರಿ ಎಲ್ಲಿದೆ, ನೀನೇ ತೋರ್ಸು" ಅಂದರು.

ಅವಸರ ಬೇಡ, ಕೊನೆಯ ಡೋಸಿನ ಅವಧಿ ಸೆಪ್ಟೆಂಬರ್ 3ರವರೆಗೆ ಇದೆ, ಅದರ ಮೇಲೆ ನಾಲ್ಕು ವಾರ ತಡವಾದರೂ ನಡೆಯುತ್ತದೆ, ಹಬ್ಬ ಮುಗಿಸಿ ಬಾ ಅಂದರು. ಇದನ್ನು ಒತ್ತಿ ಹೇಳುತ್ತೇನೆ: ತೂಕದ ಸಿಟ್ಟಿಗೆ ಒಂದನ್ನು ಬಿಟ್ಟು, ಇನ್ನೊಂದನ್ನು ಆಮೇಲೆ ನೋಡೋಣ ಅಂತ ಖಾಲಿ ಇರಬೇಡಿ. ಮುಟ್ಟು ಬಂದಿಲ್ಲ ಅಂದರೆ ಗರ್ಭ ನಿಲ್ಲುವುದಿಲ್ಲ ಅಂತಲ್ಲ. ಇನ್ನು ಮಗು ಬೇಕು ಅಂತಲೇ ಇಂಜೆಕ್ಷನ್ ಬಿಡುವವರಿಗೂ ಒಂದು ಮಾತು, ಕೊನೆಯ ಸೂಜಿಯಿಂದ ಬಸಿರಾಗಲು ಏಳರಿಂದ ಹತ್ತು ತಿಂಗಳು ಹಿಡಿಯುವುದು ಮಾಮೂಲು.

ಜುಲೈ ಕೊನೆಯಿಂದ ನಾನು ಮಾಡಿದ್ದು ದೊಡ್ಡ ವ್ರತವೇನಲ್ಲ. ನಾಲ್ಕೂವರೆಯ ಹಸಿವನ್ನು ಬೈಯುವುದು ಬಿಟ್ಟು ಅದಕ್ಕೆ ಊಟ ಹಾಕಿದೆ. ಡಬ್ಬಿಯಲ್ಲಿ ಬೇಯಿಸಿದ ಕಡಲೆಕಾಳು, ಇಲ್ಲವೇ ಹೆಸರುಕಾಳಿನ ಉಸಲಿ, ಒಂದು ಮೊಟ್ಟೆ, ಮಜ್ಜಿಗೆ. ನಾಲ್ಕು ಗಂಟೆಗೇ ತಿಂದುಬಿಟ್ಟರೆ ಐದೂವರೆಗೆ ಮಿರ್ಚಿ ವಾಸನೆ ಬಂದರೂ ಕಾಲು ಎಳೆಯುತ್ತಿರಲಿಲ್ಲ. ಮಂಡಕ್ಕಿ ಶನಿವಾರಕ್ಕೆ ಮಾತ್ರ, ಬೆಣ್ಣೆ ದೋಸೆ ತಿಂಗಳಿಗೆ ಎರಡು. ಪೂರ್ತಿ ಬಿಟ್ಟೆ ಅಂತ ಬರೆದರೆ ನಮ್ಮ ಊರಿನವರು ನಂಬುವುದೂ ಇಲ್ಲ. ರಾತ್ರಿ ಅನ್ನ ಅರ್ಧ ಮಾಡಿ ಒಂದು ಜೋಳದ ರೊಟ್ಟಿ, ಪಲ್ಯ ಜಾಸ್ತಿ. ಮಕ್ಕಳ ತಟ್ಟೆಗೆ ಮೊದಲೇ ಕಮ್ಮಿ ಬಡಿಸಿದೆ, ಬಿಟ್ಟದ್ದನ್ನು ತಿನ್ನುವ ಪುಣ್ಯ ಅವರಪ್ಪನಿಗೆ ವಹಿಸಿದೆ.

ಬೆಳಿಗ್ಗೆ ಐದೂಮುಕ್ಕಾಲಿಗೆ ಕುಂದವಾಡ ಕೆರೆಗೆ. 1,100 ರೂಪಾಯಿ ಕೊಟ್ಟು ಬೂಟು ತಗೊಂಡೆ, ಚಪ್ಪಲಿಯಲ್ಲಿ ನಡೆದು ಹಿಮ್ಮಡಿ ನೋವು ಬರಿಸಿಕೊಂಡ ಮೇಲೆ. ಮೊದಲ ವಾರ ಇಪ್ಪತ್ತು ನಿಮಿಷಕ್ಕೇ ಏದುಸಿರು. ವಾರಕ್ಕೆ ಐದು ದಿನ, ಮಳೆ ಬಂದರೆ ಇಲ್ಲ, ಮಗಳಿಗೆ ಜ್ವರ ಬಂದರೆ ಇಲ್ಲ. ನಡೆಯುವುದರ ಜೊತೆಗೆ ಸ್ನಾಯುಗಳಿಗೂ ಕೆಲಸ ಕೊಡು ಅಂದಿದ್ದರು ಡಾಕ್ಟ್ರಮ್ಮ, ಈ ಇಂಜೆಕ್ಷನ್ ತಗೊಳ್ಳುವಾಗ ಮೂಳೆಯ ಗಟ್ಟಿತನ ಸ್ವಲ್ಪ ಕಮ್ಮಿಯಾಗುತ್ತದೆ, ಬಿಟ್ಟ ಮೇಲೆ ಮತ್ತೆ ಬರುತ್ತದೆ ಅಂತ. ಅದಕ್ಕೆ ಕುರ್ಚಿ ಹಿಡಿದು ಕೂತು ಏಳುವುದು, ಅಂಗಡಿಯ ಮೂರನೇ ಮಹಡಿಗೆ ಲೆಕ್ಕದ ಫೈಲು ಹೊತ್ತು ಮೆಟ್ಟಿಲಲ್ಲೇ ಹೋಗುವುದು. ಹುಡುಗರು "ಅಕ್ಕ, ಲಿಫ್ಟ್ ಕೆಟ್ಟಿದೆಯಾ?" ಅಂತ ಕೇಳಿ ಕೇಳಿ ಸುಮ್ಮನಾದರು.

ಆಗಸ್ಟ್‌ನಲ್ಲೂ ಮುಳ್ಳು ಏರುತ್ತಲೇ ಇತ್ತು, ಇದು ನನ್ನನ್ನು ಬಹಳ ಕುಗ್ಗಿಸಿತು. ಇಷ್ಟು ಮಾಡಿಯೂ 63.8. ಅದೇ ನನ್ನ ಶಿಖರ, ಮೊದಲ ದಿನಕ್ಕಿಂತ 7.6 ಜಾಸ್ತಿ. ಪುಸ್ತಕ ಎಸೆದುಬಿಡೋಣ ಅನ್ನಿಸಿತ್ತು. ಆದರೆ ಏರುವ ವೇಗ ಕಮ್ಮಿಯಾಗಿದೆ ಅಂತ ಹೇಳಿದ್ದೂ ಅದೇ ಪುಸ್ತಕ.

ಗೌರಿ ಗಣೇಶ ಮುಗಿದು ಸೆಪ್ಟೆಂಬರ್ 10, ಮಂಗಳವಾರ ಕಾಪರ್-ಟಿ ಹಾಕಿಸಿಕೊಂಡೆ. ಗರ್ಭ ಇಲ್ಲ ಅಂತ ಖಚಿತ ಮಾಡಿಕೊಂಡು ಹಾಕಿದರು. ಐದಾರು ನಿಮಿಷದ ಕೆಲಸ. ಕಿಬ್ಬೊಟ್ಟೆ ಹಿಂಡಿದ ಹಾಗೆ ಆಗಿ ಅಮ್ಮಾ ಅಂದೆ, ಸಿಸ್ಟರ್ ಕೈ ಹಿಡಿದುಕೊಂಡರು. ಎರಡು ದಿನ ಸಣ್ಣ ನೋವು, ಖರ್ಚು ಸೊನ್ನೆ. ಹಾಕಿದ ತಾರೀಖು, ತೆಗೆಸಬೇಕಾದ ವರ್ಷ ಬರೆದ ಕಾರ್ಡನ್ನು ಈ ಸಲ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ.

ಡಿಸೆಂಬರ್‌ಗೆ 62.1. 2025ರ ಜನವರಿ ಕೊನೆಯಲ್ಲಿ ಮುಟ್ಟು ವಾಪಸ್ ಬಂತು, ಬಂದದ್ದು ಸಾಲ ವಸೂಲಿಗೆ ಬಂದವರ ಹಾಗೆ. ಏಳು ದಿನ, ದಿನಕ್ಕೆ ಐದು ಪ್ಯಾಡ್. ಕಾಪರ್-ಟಿ ಇದ್ದವರಿಗೆ ಮೊದಲ ಕೆಲವು ತಿಂಗಳು ಸ್ರಾವ ಜಾಸ್ತಿ ಅಂತ ಮೊದಲೇ ಹೇಳಿದ್ದರು. ಒಂದು ವರ್ಷ ಏನೂ ಇಲ್ಲದೆ ಹಾಯಾಗಿದ್ದವಳಿಗೆ ಅದು ಇನ್ನೂ ಜಾಸ್ತಿ ಕಂಡಿತು. ಹಿಮೋಗ್ಲೋಬಿನ್ 10.2ಕ್ಕೆ ಇಳಿದು ಕಬ್ಬಿಣದ ಮಾತ್ರೆ ನುಂಗಿದೆ. ಆ ಎರಡು ತಿಂಗಳು ಕೆರೆಯ ಕಡೆ ತಲೆ ಹಾಕಲಾಗಲಿಲ್ಲ, ತೂಕ 61ರಲ್ಲೇ ನಿಂತಿತು. ಹೊಸದಾಗಿ ಇನ್ನೊಂದು ಸೂಕ್ಷ್ಮ ಸೇರಿಕೊಂಡಿತು, ಮುಟ್ಟಿನ ಹಿಂದಿನ ವಾರ 800 ಗ್ರಾಂ ಏರಿ, ಆದಮೇಲೆ ಇಳಿಯುತ್ತದೆ. ಅದಕ್ಕೆ ಪುಸ್ತಕದಲ್ಲಿ ಕೆಂಪು ಚುಕ್ಕೆ ಇಡುತ್ತೇನೆ, ಇಲ್ಲದಿದ್ದರೆ ಪ್ರತಿ ತಿಂಗಳೂ ಒಂದು ಭಾನುವಾರ ಹಾಳಾಗುತ್ತದೆ. ಮೇ ತಿಂಗಳಿಂದ ಸ್ರಾವ ಹದಕ್ಕೆ ಬಂದಿದೆ.

ಒಟ್ಟು ಖರ್ಚು ಕೂಡಿಸಿದರೆ: ತೂಕದ ಮಷಿನ್ 749, ಕಿಟ್ 180, ಡಾಕ್ಟರ್ ಫೀಸು ಎರಡು ಸಲ ಸೇರಿ 800, ಲ್ಯಾಬ್ 650, ಪೌಡರ್ 2,600, ಬೂಟು 1,100, ಆರು ಬ್ಲೌಸಿನ ಹೊಲಿಗೆ ಬಿಚ್ಚಿಸಿದ್ದು 300. 6,379 ರೂಪಾಯಿ. ಇದರಲ್ಲಿ ಗರ್ಭ ತಡೆಯುವುದಕ್ಕೆ ಅಂತ ಕೊಟ್ಟಿದ್ದು ಒಂದು ಪೈಸೆಯೂ ಇಲ್ಲ.

ನಮ್ಮ ಓಣಿಯಲ್ಲೇ ಇನ್ನೊಬ್ಬಳು ಅಂತರ ತಗೊಂಡು ಮೂರು ವರ್ಷ ಆಯಿತು, ಒಂದು ಕೆಜಿಯೂ ಏರಿಲ್ಲ, ಬಿಡುವ ಯೋಚನೆಯೂ ಅವಳಿಗಿಲ್ಲ. ಅವಳಿಗೆ ನಾನು ಬಿಡು ಅಂತ ಹೇಳುವುದಿಲ್ಲ. ಹೊಸದಾಗಿ ಹೋಗುವವರು ಕೇಳಿದರೆ, ಸೂಜಿ ಹಾಕುವ ಮುಂಚೆ ಮಷಿನ್ ಹತ್ತಿ, ಅಂಕಿಯನ್ನು ಕಾರ್ಡಿನ ಮೇಲೆ ಬರೆಸಿಕೊಳ್ಳಿ, ಎರಡನೇ ಮೂರನೇ ಡೋಸಿಗೆ ಅದೇ ಮಷಿನ್ ಹತ್ತಿ ಅಂತ ಮಾತ್ರ ಹೇಳುತ್ತೇನೆ. ಬರೆಯಲು ಸಿಸ್ಟರ್‌ಗೆ ಪುರುಸೊತ್ತಿಲ್ಲದಿದ್ದರೆ ಪೆನ್ನು ನೀವೇ ಒಯ್ಯಿರಿ.

2025ರ ಆಗಸ್ಟ್ 14ಕ್ಕೆ ಮೊದಲ ಸೂಜಿಗೆ ಎರಡು ವರ್ಷ ತುಂಬಿತು. ತೂಕ 58.3, ಸುತ್ತಳತೆ 84. ವರಮಹಾಲಕ್ಷ್ಮಿಗೆ ಆ ರೇಷ್ಮೆ ಬ್ಲೌಸ್ ಜೋಲುತ್ತಿತ್ತು. ಹಬ್ಬ ಆದಮೇಲೆ ಟೈಲರ್ ಅಕ್ಕನ ಹತ್ತಿರ ಒಯ್ದೆ. "ಬಿಚ್ಚಿದ್ದೆಲ್ಲ ವಾಪಸ್ ಹಾಕ್ಲಾ?" ಅಂತ ಕೇಳಿದರು. ಹಾಕಿ ನೋಡಿದೆವು. ಒಂದು ಹೊಲಿಗೆ ಸರಿಯಾಗಿ ಕೂತಿತು. ಇನ್ನೊಂದು ಹಾಕಿದರೆ ಉಸಿರು ಕಟ್ಟುತ್ತಿತ್ತು, ಅದನ್ನು ಹಾಗೇ ಬಿಡಿ ಅಕ್ಕ ಅಂದೆ.